ಪೆನ್ ಡ್ರೈವ್ ಬೂಟ್ ಆಗಲ್ಲ ಅಂತ ಫ್ಲಾಪಿ ನೆನೆಸ್ಕೊಂಡು ಕೊರಗೋರಿಗೆ

ಹಳೇ ಕಂಪ್ಯೂಟರ್ ನೋಡಿರೋರ ಬಾಯಲ್ಲಿ ಒಂದು ಮಾತು ಆಗಾಗ ಬರ್ತಾನೇ ಇರುತ್ತೆ, ಆಗ ಫ್ಲಾಪಿ ತುರುಕಿ ಆನ್ ಮಾಡಿದ್ರೆ ಮುಗೀತು, ತಾನಾಗೇ ಬೂಟ್ ಆಗೋದು (ಅಂದ್ರೆ ಅದರಿಂದ್ಲೇ ಕಂಪ್ಯೂಟರ್ ಶುರು ಆಗೋದು), ಈಗ ಈ ಪೆನ್ ಡ್ರೈವ್ ಹಿಡ್ಕೊಂಡು ಬಯಾಸ್ (ಆನ್ ಮಾಡಿದ ತಕ್ಷಣ ಮೊದ್ಲು ಓಡೋ, ಬೋರ್ಡಲ್ಲೇ ಇರೋ ಪ್ರೋಗ್ರಾಮ್) ಒಳಗೆ ಒದ್ದಾಡ್ಬೇಕು ಅಂತ. ಇದು ಅರ್ಧ ನಿಜ ಅಷ್ಟೇ. ಆ ಫ್ಲಾಪಿ ಗುರ್ ಗುರ್ ಅಂತ ಓದ್ತಾ ಓದ್ತಾ ಮಧ್ಯದಲ್ಲಿ ಒಂದು ಸೆಕ್ಟರ್ (ಡಿಸ್ಕಿನ ಒಂದು ಚಿಕ್ಕ ತುಂಡು) ಕೆಟ್ಟು ನಿಂತ್ಬಿಡ್ತಿದ್ದದ್ದು ಇವರಿಗೆ ಮರ್ತೇ ಹೋಗಿದೆ.

ಫ್ಲಾಪಿ ಸಲೀಸಾಗಿ ಬೂಟ್ ಆಗ್ತಿದ್ದಿದ್ದು ಅದರ ದೊಡ್ಡತನ ಅಲ್ಲ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರಲ್ಲಿ ಹಾರ್ಡ್ ಡಿಸ್ಕೇ ಇರ್ಲಿಲ್ಲ, ಬಯಾಸ್ ಬರೆದಿದ್ದೇ ಫ್ಲಾಪಿನ ಎದುರಿಗೆ ಇಟ್ಕೊಂಡು. ಮೊದಲನೇ ಸೆಕ್ಟರ್‌ನ 512 ಬೈಟ್ ಓದು, ಮೆಮೊರಿಲಿ ಒಂದು ಗೊತ್ತಾದ ಜಾಗದಲ್ಲಿಡು, ಅಲ್ಲಿಗೆ ಜಿಗಿ, ಇಷ್ಟೇ ಕೆಲಸ. ಡಿಸ್ಕನ್ನ ಭಾಗ ಮಾಡೋ ಪಾರ್ಟಿಷನ್ ಅನ್ನೋ ತಲೆನೋವೇ ಇಲ್ಲ. ಮೂರೂವರೆ ಇಂಚಿನ 1.44 ಎಂಬಿ ಫ್ಲಾಪಿ ಅಂದ್ರೆ ಎಲ್ಲಾ ಕಡೆ 80 ಟ್ರ್ಯಾಕು, ಎರಡು ಮುಖ, ಟ್ರ್ಯಾಕಿಗೆ 18 ಸೆಕ್ಟರು, ಬಯಾಸ್ ಊಹೆ ಮಾಡೋಕೆ ಏನೂ ಉಳಿದಿರ್ಲಿಲ್ಲ.

ಪೆನ್ ಡ್ರೈವ್ ಬಂದಿದ್ದು 2000ದಲ್ಲಿ, ಬಯಾಸ್ ಹುಟ್ಟಿ ಎಷ್ಟೋ ವರ್ಷ ಆದ್ಮೇಲೆ. ಪಾಪ ಬಯಾಸಿಗೆ ಇದು ಯಾರು ಅಂತ್ಲೇ ಗೊತ್ತಿಲ್ಲ. ಹಾಗಾಗಿ ಪೆನ್ ಡ್ರೈವ್ ಒಳಗೆ ಬರ್ಬೇಕಂದ್ರೆ ವೇಷ ಹಾಕ್ಲೇಬೇಕಿತ್ತು. ಹಳೇ ಬೋರ್ಡುಗಳ ಸೆಟಪ್ಪಲ್ಲಿ ಯುಎಸ್‌ಬಿ-ಎಫ್‌ಡಿಡಿ, ಯುಎಸ್‌ಬಿ-ಜಿಪ್, ಯುಎಸ್‌ಬಿ-ಎಚ್‌ಡಿಡಿ ಅಂತ ಮೂರು ಹೆಸರು ನೋಡಿರ್ತೀರಲ್ಲ, ಅದು ಇದೇ, ಫ್ಲಾಪಿ, ಜಿಪ್ (ಒಂಥರ ದೊಡ್ಡ ಫ್ಲಾಪಿ), ಇಲ್ಲಾ ಹಾರ್ಡ್ ಡಿಸ್ಕಿನ ವೇಷ. ಒಂದು ಬೋರ್ಡಲ್ಲಿ ಹಾರ್ಡ್ ಡಿಸ್ಕ್ ಅಂತ ಬೂಟ್ ಆಗೋ ಡ್ರೈವು ಇನ್ನೊಂದರಲ್ಲಿ ಜಿಪ್ ಅಂದ್ರೆ ಮಾತ್ರ ಆಗೋದು, ಮತ್ತೊಂದರಲ್ಲಿ ಕರ್ಸರ್ ಮಿಟುಕಿಸ್ತಾ ಕೂತಿರೋದು, ಎರರ್ ಕೂಡ ಬರಲ್ಲ. ಆ ಕಾಲದ ಬೈಗುಳ ಎಲ್ಲಾ ನ್ಯಾಯವಾದದ್ದೇ ಅನ್ನಿ. ಇನ್ನು ವಿಂಡೋಸ್ ಎಕ್ಸ್‌ಪಿ ಇನ್‌ಸ್ಟಾಲ್ ಮಾಡುವಾಗ ಎಫ್6 ಒತ್ತಿ ಡ್ರೈವರ್ (ಹಾರ್ಡ್ ಡಿಸ್ಕನ್ನ ಗುರುತು ಹಿಡಿಸೋ ಸಾಫ್ಟ್‌ವೇರ್) ಕೊಡೋಕೆ ಹೋದ್ರೆ ಅದು ಫ್ಲಾಪಿನೇ ಬೇಕು ಅಂತ ಕೂರ್ತಿತ್ತು, ಅಷ್ಟೊತ್ತಿಗೆ ಎಷ್ಟೋ ಮಷೀನುಗಳಲ್ಲಿ ಫ್ಲಾಪಿ ಡ್ರೈವೇ ಇರ್ತಿರ್ಲಿಲ್ಲ!

ಆದ್ರೆ ಈಗ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದು ಎಷ್ಟು ವರ್ಷ ಆಯ್ತು? ಇದರಲ್ಲಿ ಬೂಟ್ ಸೆಕ್ಟರಿನ ಹಂಗೇ ಇಲ್ಲ. ಡ್ರೈವು ಫ್ಯಾಟ್32 ಅನ್ನೋ ಫಾರ್ಮ್ಯಾಟಲ್ಲಿದ್ದು, ಇಎಫ್‌ಐ ಫೋಲ್ಡರ್ ಒಳಗಿನ ಬೂಟ್ ಫೋಲ್ಡರಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಅನ್ನೋ ಫೈಲ್ ಇದ್ರೆ ಯುಇಎಫ್‌ಐ ತಾನೇ ಹುಡ್ಕಿ ಓಡ್ಸುತ್ತೆ. ಅಂದ್ರೆ ಐಎಸ್ಒ (ಇಡೀ ಇನ್‌ಸ್ಟಾಲ್ ಡಿಸ್ಕನ್ನ ಒಂದೇ ಫೈಲಾಗಿ ಮಾಡಿರೋದು) ಒಳಗಿರೋ ಫೈಲುಗಳನ್ನ ಸುಮ್ನೆ ಕಾಪಿ ಮಾಡಿದ್ರೂ ಬಹಳ ಸಲ ನಡೆಯುತ್ತೆ. ಫ್ಲಾಪಿಲಿ ಇದು ಸಾಧ್ಯನೇ ಇರ್ಲಿಲ್ಲ, ಬೂಟ್ ಆಗೋ ಹಂಗೆ ಮಾಡೋಕೆ ಫಾರ್ಮ್ಯಾಟ್ ಕಮಾಂಡಿಗೆ ಸ್ಲ್ಯಾಶ್ ಎಸ್ (/S) ಹಾಕ್ಬೇಕು, ಇಲ್ಲಾ ಸಿಸ್ ಕಮಾಂಡ್ ಕೊಡ್ಬೇಕು. ಈಗಲೂ ಒದ್ದಾಡೋರು ಮಾಡೋದೇನು ಗೊತ್ತಾ, ಐಎಸ್ಒ ಫೈಲನ್ನೇ ಇಡಿಯಾಗಿ ಪೆನ್ ಡ್ರೈವಿಗೆ ಪೇಸ್ಟ್ ಮಾಡಿ ಬೂಟ್ ಆಗ್ತಿಲ್ಲ ಅಂತಾರೆ. ಹಂಗೇ ಇಡ್ಬೇಕು ಅಂದ್ರೆ ಮೊದ್ಲು ಡ್ರೈವಿಗೆ ವೆಂಟಾಯ್ ಅನ್ನೋ ಪ್ರೋಗ್ರಾಮ್ ಹಾಕಿ, ಆಮೇಲೆ ಎಷ್ಟು ಐಎಸ್ಒ ಬೇಕಾದ್ರೂ ಹಾಕ್ಕೊಳ್ಳಿ, ಮೆನು ಬರುತ್ತೆ.

ಒಂದು ತೊಡಕಂತೂ ಇದೆ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟೋ ಹಂಗಿಲ್ಲ, ವಿಂಡೋಸ್ ಇನ್‌ಸ್ಟಾಲಿನ ಮುಖ್ಯ ಫೈಲು ಇನ್‌ಸ್ಟಾಲ್.ವಿಮ್ ಎಷ್ಟೋ ಸಲ ಅದನ್ನ ದಾಟಿರುತ್ತೆ. ಬೂಟ್ ಡ್ರೈವ್ ಮಾಡೋ ರೂಫಸ್ ಅನ್ನೋ ಪ್ರೋಗ್ರಾಮ್ ಇದಕ್ಕೆ ಡ್ರೈವನ್ನ ಎನ್‌ಟಿಎಫ್‌ಎಸ್ (ಈ ಮಿತಿ ಇಲ್ಲದ ಫಾರ್ಮ್ಯಾಟ್) ಮಾಡಿ ಪಕ್ಕದಲ್ಲಿ ಒಂದು ಪುಟಾಣಿ ಪಾರ್ಟಿಷನ್ ಇಡುತ್ತೆ, ಯುಇಎಫ್‌ಐ ಮೊದ್ಲು ಅದರಿಂದ ಶುರು ಆಗಿ ಆಮೇಲೆ ದೊಡ್ಡದಕ್ಕೆ ಹೋಗುತ್ತೆ. ಜಾಣ ಕೆಲಸ.

ನನ್ನ ಕೇಳಿದ್ರೆ ಈಗಿನ ನಿಜವಾದ ತಪ್ಪು ಯಾವುದರಿಂದ ಬೂಟ್ ಆಗ್ಬೇಕು ಅಂತ ಆರಿಸೋ ಬೂಟ್ ಮೆನು ಕೀದು. ಒಂದು ಕಂಪನಿಯವನು ಎಫ್12 ಅಂತಾನೆ, ಒಬ್ಬ ಎಫ್9, ಇನ್ನೊಬ್ಬ ಎಸ್ಕೇಪ್, ಅದೂ ಒತ್ತೋಕೆ ಕಣ್ಣು ಮಿಟುಕಿಸೋಷ್ಟೂ ಟೈಮ್ ಕೊಡಲ್ಲ. ವಿಂಡೋಸ್ ಇನ್ನೂ ಓಡ್ತಿದ್ರೆ ಶಿಫ್ಟ್ ಹಿಡ್ಕೊಂಡು ರೀಸ್ಟಾರ್ಟ್ ಕೊಡಿ, ಡಿವೈಸಿಂದ ಬೂಟ್ ಮಾಡೋ ಆಯ್ಕೆ ಅಲ್ಲೇ ಸಿಗುತ್ತೆ, ಕೀಬೋರ್ಡ್ ಕುಟ್ಟೋದು ತಪ್ಪುತ್ತೆ. ಮತ್ತೆ ಆ ಬೂಟ್ ಡ್ರೈವ್ ಮಾಡಿಟ್ಕೊಳ್ಳೋದು ಮಷೀನ್ ಚೆನ್ನಾಗಿರುವಾಗ್ಲೇ, ಸತ್ತ ಮಷೀನಲ್ಲಿ ಕೂತು ರೂಫಸ್ ಓಡ್ಸೋಕಾಗಲ್ಲ.

ಫ್ಲಾಪಿದು ಒಂದೇ ಒಂದು ವಿಷಯಕ್ಕೆ ನನಗೂ ಹೊಟ್ಟೆ ಉರಿಯುತ್ತೆ, ಮೂಲೆಲಿದ್ದ ಆ ಚಿಕ್ಕ ಪ್ಲಾಸ್ಟಿಕ್ ತುಂಡು. ಉಗುರಲ್ಲಿ ಸರಿಸಿ ತೂತು ಕಾಣೋ ಹಂಗೆ ಮಾಡಿದ್ರೆ ಡ್ರೈವೇ ಅದರ ಮೇಲೆ ಬರೆಯೋಕೆ ಬಿಡ್ತಿರ್ಲಿಲ್ಲ. 1986ರ ಬ್ರೈನ್ ವೈರಸ್ ಥರದ್ದು ಬೂಟ್ ಸೆಕ್ಟರಿಗೇ ಅಂಟ್ಕೊಳ್ಳೋದಲ್ವಾ, ವೈರಸ್ ಇರೋ ಮಷೀನಿಗೆ ಕ್ಲೀನ್ ಬೂಟ್ ಫ್ಲಾಪಿ ಹಾಕುವಾಗ ಧೈರ್ಯ ಕೊಡ್ತಿದ್ದಿದ್ದೇ ಆ ತೂತು. ಈಗ ಲಾಕ್ ಸ್ವಿಚ್ ಇರೋ ಪೆನ್ ಡ್ರೈವ್ ಹುಡುಕೋದೇ ಕಷ್ಟ, ಎಸ್‌ಡಿ ಕಾರ್ಡಿನ ಪಕ್ಕ ಇರೋ ಸ್ಲೈಡರ್ ನಂಬ್ಕೊಂಡ್ರೆ ಅದು ಕಾರ್ಡಿನ ಒಳಗೆ ಯಾವುದಕ್ಕೂ ಕನೆಕ್ಟ್ ಆಗಿರಲ್ಲ, ರೀಡರ್ ಮರ್ಯಾದೆ ಕೊಟ್ರೆ ಉಂಟು ಇಲ್ಲಾಂದ್ರೆ ಇಲ್ಲ. ನಿಜವಾಗ್ಲೂ ಕೆಲಸ ಮಾಡೋ ಸ್ವಿಚ್ ಇರೋ ಪೆನ್ ಡ್ರೈವ್ ಯಾರಾದ್ರೂ ಬಳಸ್ತಿದ್ರೆ ಯಾವುದು ಅಂತ ಹೇಳ್ರಪ್ಪಾ, ನಾನೂ ತರಿಸ್ಕೋತೀನಿ.