ಹೆಚ್ಚಳ, ಎರಡಕ್ಷರ

ಬೆಳಿಗ್ಗೆ ಬೆಳಿಗ್ಗೆಯೇ ತಲೆ ಕೆಟ್ಟಿದೆ. ಕಾರಣ ಪದಬಂಧ. ನಗಬೇಡಿ.

ಎಡದಿಂದ ಬಲಕ್ಕೆ, ಮೊದಲನೇ ಸುಳಿವೇ ‘ಹೆಚ್ಚಳ (2)’. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಂದವನಿಗೆ ಏನು ಹೊಳೆಯುತ್ತದೆ? ಬಡ್ತಿ. ಅದೂ ನನಗೆ ಸಿಗದೇ ಹೋದ ಬಡ್ತಿ! ಪೆನ್ನಿನಲ್ಲೇ ಒತ್ತಿ ಬರೆದೆ. ನೋಡಿದರೆ ಮೇಲಿನಿಂದ ಕೆಳಕ್ಕೆ ಒಂದೂ ಕೂರುತ್ತಿಲ್ಲ.

ಉತ್ತರ ನಿಮಗೂ ಗೊತ್ತು ಬಿಡಿ. ವೃದ್ಧಿ. ಹೋದ ವಾರವೂ ವೃದ್ಧಿ. ‘ಏಳಿಗೆ’ ಅಂದರೂ ವೃದ್ಧಿ, ‘ಬೆಳವಣಿಗೆ’ ಅಂದರೂ ವೃದ್ಧಿ. ನಾಲ್ಕು ಮನೆ ತುಂಬಬೇಕಾದರೆ ಮುಂದೆ ಒಂದು ‘ಅಭಿ’ ಅಂಟಿಸಿದರಾಯ್ತು, ಕೆಲಸ ಮುಗೀತು.

ಕನ್ನಡದಲ್ಲಿ ಹೆಚ್ಚಾಗೋದಕ್ಕೆ ಪದಗಳ ಬರವೇ? ಇದೇ ವೃದ್ಧಿಯ ತದ್ಭವ ಬಡ್ಡಿ. ‘ನೀವು ಮಲಗಿದಾಗಲೂ ಬೆಳೆಯುವುದು (2)’ ಅಂತ ಕೇಳಿದ್ದರೆ ಎಷ್ಟು ಚಂದ ಇರುತ್ತಿತ್ತು! ‘ಪುಲಿಕೇಶಿಯ ಹೆಸರಿಗೆ ಅಂಟಿದ ಎರಡರಷ್ಟು (3)’ ಅನ್ನಿ, ಇಮ್ಮಡಿ. ‘ತೂಕ ಆದ ಮೇಲೆ ಸೊಪ್ಪಿನವಳ ಹತ್ತಿರ ಕಾಡಿ ಹಾಕಿಸಿಕೊಳ್ಳೋದು (3)’ ಅನ್ನಿ, ಕೊಸರು. ‘ಮನೆ’ಗೆ ‘ಅನ್ನು’ ಸೇರಿದಾಗ ಕರೆಯದೇ ಬಂದು ನಡುವೆ ಕೂರುತ್ತದಲ್ಲ ಯಕಾರ, ಆ ಆಗಮವೂ ಇದೆ. ಅಷ್ಟೇಕೆ, ಈ ಪದಬಂಧ ಅಚ್ಚಾಗೋ ಪುರವಣಿಯೇ ಒಂದು ಸೇರ್ಪಡೆ, ಅಲ್ವಾ?

ಹೀಗೆ ಗೊಣಗುತ್ತಿರುವಾಗಲೇ ಒಳಗಿನಿಂದ ಕೂಗು. “ರೀ, ಪೇಪರ್ ಬಿಟ್ಟು ಈ ಹುರುಳಿಕಾಯಿ ಹೆಚ್ಚಿಕೊಡಿ.” ಈಳಿಗೆಮಣೆ ಮುಂದೆ ಕೂತೆ. ನಾರು ತೆಗೆದು, ನಾಲ್ಕು ಕಾಯಿ ಜೋಡಿಸಿ ಹಿಡಿದಾಗ ತಲೆಯಲ್ಲಿ ದೀಪ ಹತ್ತಿತು. ಹೆಚ್ಚು! ‘ಚೂರು ಚೂರು ಮಾಡಿದರೂ ಜಾಸ್ತಿಯೇ (2)’. ಇಂಥ ಪದ ಅಡುಗೆಮನೆಯಲ್ಲೇ ಬಿದ್ದಿರುವಾಗ ನಿಘಂಟು ಯಾಕೆ ತಡಕಾಡಬೇಕು ಸ್ವಾಮಿ?

‘ಪಾಪ, ದಿನಾ ಒಂದು ಪದಬಂಧ ಹೆಣೆಯೋದು ಸುಮ್ನೆ ಆಗೋ ಕೆಲಸವಾ? ಎಲ್ಲರಿಗೂ ಬಿಡಿಸೋಕೆ ಬರಬೇಕಲ್ಲ’ ಅಂತ ಕೆಳಗೆ ಯಾರಾದರೂ ಬರೆದೇ ಬರೆಯುತ್ತೀರಿ. ಒಪ್ಪಿದೆ. ಆದರೆ ಕೊಸರು ಯಾರಿಗೆ ಗೊತ್ತಿಲ್ಲ ಹೇಳಿ? ವೃದ್ಧಿಗಿಂತ ಅದೇ ಎಲ್ಲರ ಪದ.

ಒಂದು ಸತ್ಯ ಹೇಳಿಬಿಡುತ್ತೇನೆ. ನಮ್ಮ ಶಾಖೆಯ ಕೈಬರಹದ ಪತ್ರಿಕೆಗೆ ಒಮ್ಮೆ ನಾನೇ ಪದಬಂಧ ಮಾಡಿದ್ದೆ. ಮೂಲೆಯಲ್ಲಿ ಎರಡು ಮನೆ ಉಳಿಯಿತು. ಏನು ತುಂಬಿದೆ ಅಂತ ಕೇಳಬೇಡಿ.

ಹುರುಳಿಕಾಯಿ ಮುಗಿಸಿ ಬರುವಷ್ಟರಲ್ಲಿ ಇವಳು ಪೆನ್ಸಿಲ್ ಹಿಡಿದು ಕೂತಿದ್ದಳು. ನನ್ನ ‘ಬ’ ಮೇಲೆ ಗೀಚಿ ‘ವೃ’ ಮಾಡಿಯಾಗಿತ್ತು. ಅದೇ ಮನೆಯಿಂದ ಕೆಳಕ್ಕೆ ಇಳಿಯುವ ಸುಳಿವು ‘ಮುದುಕ (2)’.

“ಇದೂ ಹೊಳೀಲಿಲ್ವಾ?” ಅಂದಳು. “ಕನ್ನಡಿ ನೋಡ್ಕೊಂಡಿದ್ರೆ ಸಾಕಿತ್ತು.”