ಹಸುಗೂಸಿನ ಚೀಟಿಯಲ್ಲಿ ಗಂಡಸರ ಮಾತ್ರೆ

ಮೈಸೂರಿನ ಆಸ್ಪತ್ರೆಗಳ ಎದುರು ಮೆಡಿಕಲ್ ಸ್ಟೋರ್ ಇಟ್ಟ ನನ್ನಂಥವರಿಗೆ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಚೀಟಿ ನೋಡಿದೊಡನೆ ಗೊತ್ತಾಗುತ್ತದೆ. ಔಷಧಗಳು ಬಹುಪಾಲು ದೊಡ್ಡವರವೇ, ಪ್ರಮಾಣ ಮಾತ್ರ ಚಿಟಿಕೆಯಷ್ಟು. ನವಜಾತ ಶಿಶುಗಳಿಗೆಂದು ಪರೀಕ್ಷಿಸಿ ಅನುಮತಿ ಪಡೆದ ಔಷಧಗಳು ಬಹಳ ಕಡಿಮೆ. ಉಳಿದದ್ದೆಲ್ಲ ವೈದ್ಯರ ಅನುಭವದ ಬಲದಲ್ಲಿ ನಡೆಯುವ ಆಫ್ ಲೇಬಲ್ ಬಳಕೆ, ಅಂದರೆ ಅನುಮತಿ ಸಿಕ್ಕಿದ್ದಕ್ಕಿಂತ ಬೇರೆ ವಯಸ್ಸಿಗೋ ಕಾಯಿಲೆಗೋ ಕೊಡುವುದು.

ಈಚೆಗೆ ಮದ್ದೂರು ಕಡೆಯ ಹಿರಿಯರೊಬ್ಬರು ಮೊಮ್ಮಗುವಿಗೆ ಸಿಲ್ಡೆನಾಫಿಲ್ ಕೊಂಡು ಹೋದವರು ಸ್ವಲ್ಪ ಹೊತ್ತಿಗೇ ಹಿಂದಿರುಗಿದರು. ವಾರ್ಡಿನ ಹೊರಗೆ ಯಾವನೋ ಹುಡುಗ ಮೊಬೈಲಿನಲ್ಲಿ ಹೆಸರು ಹುಡುಕಿ ನಕ್ಕಿದ್ದನಂತೆ. ಪೊಟ್ಟಣವನ್ನು ಗಾಜಿನ ಮೇಲೆ ಕುಕ್ಕಿ, “ಹಸುಗೂಸಿಗೆ ವಯಾಗ್ರ ಬರೆಯುತ್ತಾರಲ್ಲ ಸ್ವಾಮಿ, ಹಳ್ಳಿಯವರೆಂದು ಆಟವಾಡುತ್ತಾರೆಯೇ?” ಎಂದರು.

ಕೂರಿಸಿ ಹೇಳಿದೆ. ಹೊಟ್ಟೆಯಲ್ಲಿರುವಾಗ ಕೂಸಿನ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಹುಟ್ಟಿ ಉಸಿರೆಳೆದ ಮೇಲೆ ಸಡಿಲಾಗಬೇಕು. ಕೆಲವು ಕೂಸುಗಳಲ್ಲಿ ಆಗುವುದಿಲ್ಲ. ರಕ್ತ ಶ್ವಾಸಕೋಶ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ, ಮೈ ನೀಲಿಗಟ್ಟುತ್ತದೆ. ಈ ಮಾತ್ರೆ ಆ ನಾಳಗಳನ್ನು ಸಡಿಲಿಸುತ್ತದೆ. ಇದಕ್ಕೆ ನೈಟ್ರಿಕ್ ಆಕ್ಸೈಡ್ ಅನಿಲವೂ ಉಂಟು, ಆದರೆ ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ.

“ಇದನ್ನು ಡಾಕ್ಟರೇ ಹೇಳಬಹುದಿತ್ತಲ್ಲ?”

ನನ್ನ ತಕರಾರೂ ಅದೇ. ಔಷಧ ಕೊಟ್ಟದ್ದಕ್ಕಲ್ಲ, ಬಾಯಿ ಬಿಡದ್ದಕ್ಕೆ. ಕೊಡದೆ ಕೂತರೆ ಕೂಸು ಉಳಿಯದು. ಕೂಸುಗಳ ಮೇಲೆ ಔಷಧ ಪರೀಕ್ಷೆ ನಡೆಸುವುದೂ ಸುಲಭವಲ್ಲ: ಒಂದು ಕೆ.ಜಿ. ತೂಕದ ಕೂಸಿನ ಮೈಯ ರಕ್ತವೆಲ್ಲ ಸೇರಿದರೆ ಹೋಟೆಲಿನ ಒಂದು ಲೋಟ ಕಾಫಿಯಷ್ಟು, ಸುಮಾರು 90 ಮಿ.ಲೀ. ತಪಾಸಣೆಗೆಂದು ಪದೇ ಪದೇ ಎಷ್ಟು ತೆಗೆದಾರು? ಅವಧಿಗೆ ಮುನ್ನ ಹುಟ್ಟಿದವರ ಉಸಿರು ನಿಲ್ಲದಂತೆ ಕೊಡುವ ಕೆಫೀನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ. ಬಳಕೆ ಅದಕ್ಕೂ ಎಷ್ಟೋ ವರ್ಷ ಹಿಂದಿನದು.

ಹಾಗೆಂದು ಎಲ್ಲವೂ ಸುಸೂತ್ರ ಎನ್ನಲಾರೆ. ದೊಡ್ಡವರಿಗೆ ಒಗ್ಗಿದ್ದ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ಕನ್ನು ಕೂಸುಗಳಿಗೆ ಕೊಟ್ಟಾಗ ಅವುಗಳ ಎಳೆಯ ಯಕೃತ್ತು ಅದನ್ನು ಕರಗಿಸಲಾರದೆ ಮೈ ಬೂದಿಬಣ್ಣಕ್ಕೆ ತಿರುಗಿ ಎಷ್ಟೋ ಕೂಸುಗಳು ಸತ್ತವು. ಅದು ಬಯಲಾದದ್ದು 1959ರಲ್ಲಿ. ಇಂದಿಗೂ ಎಷ್ಟೋ ಕಡೆ ಸಿಸ್ಟರ್‌ಗಳು ಮಾತ್ರೆ ಅರೆದು, ನೀರಿನಲ್ಲಿ ಕದಡಿ, ಸಿರಿಂಜಿನಲ್ಲಿ ಎಳೆದು ಕೊಡುತ್ತಾರೆ. ಬೇಕಾದದ್ದು ಕೆಲವೇ ಮಿಲಿಗ್ರಾಂ. ಪುಡಿ ತಳಕ್ಕೆ ಕೂತಿತೋ, ಲೆಕ್ಕ ತಪ್ಪಿತು. ಗಂಡಸರ ಮಾತ್ರೆಗೆ ನೂರು ಬ್ರಾಂಡ್ ತರುವ ಕಂಪನಿಗಳು ಈ ಕೂಸುಗಳ ಅಳತೆಗೊಂದು ದ್ರವ ಔಷಧ ಮಾಡಲು ಮನಸ್ಸು ಮಾಡಲಿ.

ಅಲ್ಲಿಯವರೆಗೆ ಡಾಕ್ಟರರು ಕನ್ನಡದಲ್ಲಿ ಎರಡು ಮಾತು ಹೇಳಿದರೆ ಸಾಕು: “ಈ ಔಷಧ ದೊಡ್ಡವರದು, ನಿಮ್ಮ ಕೂಸಿಗೆ ಇಂಥ ಕಾರಣಕ್ಕೆ ಕೊಡುತ್ತಿದ್ದೇವೆ. ರಕ್ತದೊತ್ತಡ ಇಳಿಯಬಹುದು, ನೋಡಿಕೊಳ್ಳುತ್ತೇವೆ.” ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಲು ಹಿಡಿಯುವಷ್ಟು ಹೊತ್ತೂ ಇದಕ್ಕೆ ಬೇಡ.