ಕಲೆ ಹುಡುಕಿದರೆ ಕೊಲೆ ಸಿಗುತ್ತದೆ

ಕನ್ನಡ ಜಾಲತಾಣಗಳಲ್ಲಿ ಹುಡುಕಿದ್ದು ಸಿಗುವುದಿಲ್ಲ ಅಂತ ಯಾರಾದರೂ ಗೊಣಗಿದರೆ ಎರಡು ಉತ್ತರ ತಯಾರಿರುತ್ತವೆ. ಒಂದು ಹಳೆಯದು: "ಕನ್ನಡ ಕಷ್ಟದ ಭಾಷೆ ಸಾರ್, ವಿಭಕ್ತಿ, ಸಂಧಿ, ಸಮಾಸ ಎಲ್ಲ ಇದೆಯಲ್ಲ." ಇನ್ನೊಂದು ಈಚಿನದು: "ಎಐ ಬಂದಿದೆ, ಅದೇ ನೋಡಿಕೊಳ್ಳುತ್ತೆ ಬಿಡಿ." ನನಗೆ ಎರಡೂ ಒಪ್ಪಿಗೆಯಿಲ್ಲ. ಹೆಚ್ಚಿನ ಕಡೆ ಆಗಿರುವುದು ಇಷ್ಟೇ: ಒಂದು ಸರ್ಚ್ ಲೈಬ್ರರಿ (ಹುಡುಕಾಟಕ್ಕೆಂದು ಬರೆದಿಟ್ಟ ಸಿದ್ಧ ಕೋಡ್) ತಂದಿದ್ದಾರೆ, ಡೀಫಾಲ್ಟ್ ಸೆಟ್ಟಿಂಗ್ ಮುಟ್ಟದೆ ಅದರೊಳಗೆ ಕನ್ನಡ ಸುರಿದಿದ್ದಾರೆ. ಆ ಸೆಟ್ಟಿಂಗುಗಳನ್ನು ಕನ್ನಡ ಬಲ್ಲವರೊಬ್ಬರು ಕೂತು ನೋಡಿಯೇ ಇಲ್ಲ. ಇದು ಕೋಡಿನ ಕೆಲಸಕ್ಕಿಂತ ವ್ಯಾಕರಣದ ಕೆಲಸ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಪ್ರೋಗ್ರಾಮರ್ ಅಲ್ಲದವರೂ ಓದಬಹುದು, ಕೋಡ್ ಒಂದು ಸಾಲೂ ಇಲ್ಲ.

ನಾನು ಹೇಳುತ್ತಿರುವುದು ಮುಖ್ಯವಾಗಿ ಲೂಸೀನ್ ಎಂಬ ಸರ್ಚ್ ಲೈಬ್ರರಿಯ ಬಗ್ಗೆ. ಡಗ್ ಕಟಿಂಗ್ 1999ರಲ್ಲಿ ಜಾವಾದಲ್ಲಿ ಬರೆದದ್ದು, 2001ರಲ್ಲಿ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯನ್ನು ಸೇರಿತು. ಸೋಲರ್, ಎಲಾಸ್ಟಿಕ್‌ಸರ್ಚ್, ಓಪನ್‌ಸರ್ಚ್, ಈ ಹುಡುಕಾಟದ ತಂತ್ರಾಂಶಗಳೆಲ್ಲದರ ಹೊಟ್ಟೆಯಲ್ಲೂ ಇರುವುದು ಇದೇ. ವಿಕಿಪೀಡಿಯದ ಹುಡುಕಾಟವೂ ಕೊನೆಗೆ ಇದರ ಮೇಲೆಯೇ ನಿಂತಿದೆ. ಕೆಲಸದ ಬಗೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯದ್ದೇ: ಯಾವ ಪದ ಯಾವ ಬರಹದಲ್ಲಿ, ಎಷ್ಟನೆಯ ಜಾಗದಲ್ಲಿದೆ ಅಂತ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ, ಈ ಪಟ್ಟಿಯೇ ಇಂಡೆಕ್ಸ್. ನೀವು ಹುಡುಕುವಾಗ ಅದು ಬರಹಗಳನ್ನು ಓದುವುದೇ ಇಲ್ಲ, ಪಟ್ಟಿಯನ್ನಷ್ಟೇ ನೋಡುತ್ತದೆ. ಹಾಗಾಗಿ ಪಟ್ಟಿಯಲ್ಲಿ ಇಲ್ಲದ ರೂಪವನ್ನು ಕೇಳಿದರೆ ಪಠ್ಯದಲ್ಲಿ ನೂರು ಸಲ ಇದ್ದರೂ ಸಿಗುವುದಿಲ್ಲ. 'ಪದ' ಅಂದರೆ ಏನು ಎಂದು ತೀರ್ಮಾನಿಸುವ ಭಾಗಕ್ಕೆ ಅನಲೈಸರ್ ಅನ್ನುತ್ತಾರೆ. ಎಲ್ಲ ಜಗಳ ಅಲ್ಲೇ.

ಪದವನ್ನು ಎಲ್ಲಿ ಕತ್ತರಿಸುವುದು ಅನ್ನುವುದರಿಂದಲೇ ಶುರುವಾಗುತ್ತದೆ. ಲೂಸೀನಿನಲ್ಲಿ ಸಿಂಪಲ್ ಅನಲೈಸರ್ ಅಂತ ಒಂದಿದೆ. ಅದು 'ಅಕ್ಷರ' ಅಂತ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಸಂಕೇತ ಕೊಡುವ ಮಾನದಂಡ) ಗುರುತಿಸಿದ್ದನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆಯೆಲ್ಲ ಕತ್ತರಿಸುತ್ತದೆ. ನಮ್ಮ ಕಾಗುಣಿತದ ಚಿಹ್ನೆಗಳು, ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆ ಇವು ಯಾವುವೂ ಅದರ ಲೆಕ್ಕದಲ್ಲಿ ಅಕ್ಷರಗಳಲ್ಲ. ಹಾಗಾಗಿ 'ಕನ್ನಡ' ಎನ್ನುವುದು 'ಕನ', 'ನಡ' ಎಂಬ ಎರಡು ತುಂಡಾಗುತ್ತದೆ. 'ಕರ್ನಾಟಕ' ಅಂದರೆ 'ಕರ', 'ನ', 'ಟಕ'. ಹುಡುಕುವವನ ಪದವೂ ಹೀಗೇ ತುಂಡಾಗುವುದರಿಂದ ಏನೋ ಒಂದಿಷ್ಟು ಫಲಿತಾಂಶ ಬಂದೇ ಬರುತ್ತದೆ, ಅದೇ ಅಪಾಯ. 'ನಡೆ', 'ನಡು' ಕೂಡ 'ನಡ' ಆಗಿರುತ್ತವಲ್ಲ, ಕನ್ನಡ ಹುಡುಕಿದವನಿಗೆ ಅವೂ ಬರುತ್ತವೆ. ಪೈಥಾನಿನ ವೂಶ್ ಲೈಬ್ರರಿಯ ಡೀಫಾಲ್ಟಿನಲ್ಲೂ ಇದೇ ಕಥೆ. ಲೂಸೀನಿನ ಸ್ಟಾಂಡರ್ಡ್ ಟೋಕನೈಸರ್ (ಪದ ಕತ್ತರಿಸುವ ಇನ್ನೊಂದು ಭಾಗ) ಯೂನಿಕೋಡಿನ ಪದ ವಿಂಗಡಣೆಯ ನಿಯಮ ಪಾಲಿಸುತ್ತದೆ, ಅದನ್ನು ಹಾಕಿಕೊಂಡರೆ ಈ ಕಾಟ ಇರುವುದಿಲ್ಲ.

ಆಮೇಲೆ ಬರುವುದು ಕಣ್ಣಿಗೆ ಕಾಣದ ತೊಂದರೆ. ನೋಡಲು ಅಚ್ಚು ಒಂದೇ ಇರುವ ಎರಡು 'ಫೇಸ್‌ಬುಕ್'ಗಳು ಇಂಡೆಕ್ಸಿನಲ್ಲಿ ಬೇರೆ ಬೇರೆ ಪದಗಳಾಗಬಹುದು, ಒಂದರ ಕೊನೆಯಲ್ಲಿ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಒತ್ತಕ್ಷರ ಆಗದಂತೆ ತಡೆಯುವ ಅಗೋಚರ ಸಂಕೇತ ಕೂತಿದ್ದರೆ. ಕೆಲವು ಕೀಲಿಮಣೆಗಳು ಅರ್ಧಾಕ್ಷರ ಒತ್ತಿದೊಡನೆ ಅದನ್ನು ತಾವೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. 'ರ‍್ಯಾಂಕ್' ಬರೆಯಲು ಬೇಕಾಗುವ ಇನ್ನೊಂದು ಅಗೋಚರ ಸಂಕೇತ ಜೀರೋ ವಿಡ್ತ್ ಜಾಯ್ನರ್‌ನದ್ದೂ ಇದೇ ಪಾಡು. 'ಕೋ'ದಂಥ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕನ್ನಡ ಅಂಕಿ, ಇಂಗ್ಲಿಷ್ ಅಂಕಿಗಳ ಬೆರಕೆ ಬೇರೆ. ಇವಕ್ಕೆಲ್ಲ ಮದ್ದು ಲೂಸೀನಿನ ಪೆಟ್ಟಿಗೆಯಲ್ಲೇ ಇದೆ: ಬಿಡಿ ಚಿಹ್ನೆಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಾರ್ಮಲೈಸೇಶನ್, ಅಗೋಚರ ಸಂಕೇತ ತೆಗೆಯುವ ಕ್ಯಾರೆಕ್ಟರ್ ಫಿಲ್ಟರ್, ಅಂಕಿಗಳನ್ನು ಒಂದೇ ರೂಪಕ್ಕೆ ತರುವ ಡೆಸಿಮಲ್ ಡಿಜಿಟ್ ಫಿಲ್ಟರ್. ಇವು ಇಂಡೆಕ್ಸಿಗೆ ಹೋಗುವ ಪ್ರತಿಯನ್ನಷ್ಟೇ ತಿದ್ದುತ್ತವೆ, ಓದುಗರಿಗೆ ಕಾಣುವ ಮೂಲ ಪಠ್ಯಕ್ಕೆ ಏನೂ ಆಗುವುದಿಲ್ಲ. ಸಿಕ್ಕ ಪದಕ್ಕೆ ಹಳದಿ ಬಳಿಯುವಾಗಲೂ ಜಾಗ ತಪ್ಪುವುದಿಲ್ಲ.

ಹಳೆಯ ಪಠ್ಯಗಳಿದ್ದರೆ ಱ ಮತ್ತು ೞ ಗಳನ್ನು ರ, ಳ ಗಳಿಗೆ ಜೋಡಿಸುವ ಎರಡು ಸಾಲೂ ಅಲ್ಲೇ ಸೇರಿಸಿಕೊಳ್ಳಬಹುದು. (ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರದ ಅಧಿಕೃತ ಹೆಸರು 'ಫ' ಅಂತ ತಪ್ಪಾಗಿ ದಾಖಲಾಗಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನುವ ನಿಯಮದಿಂದಾಗಿ ಅದು ಹಾಗೇ ಉಳಿದಿದೆ, ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿ ಮಾತ್ರ.)

ಈಗ ವಿಭಕ್ತಿ. 'ಊರು' ಹುಡುಕುವವನಿಗೆ ಊರಿಗೆ, ಊರಲ್ಲಿ, ಊರಿನಿಂದ ಎಲ್ಲ ಬೇಕು. ಆತುರಗಾರರು ಕೂಡಲೇ ಸ್ಟಾರ್ ಹಾಕಿ 'ಊರು' ಎಂದು ಶುರುವಾಗುವ ಎಲ್ಲ ಪದ ತನ್ನಿ ಅನ್ನುತ್ತಾರೆ. ಅದು 'ಊರುಗಳು' ತರುತ್ತದೆಯೇ ಹೊರತು 'ಊರಿಗೆ' ತರುವುದಿಲ್ಲ. ಯಂತ್ರದ ದೃಷ್ಟಿಯಲ್ಲಿ 'ರು'ವಿನ ಕೊಂಬು ಒಂದು ಬಿಡಿ ಸಂಕೇತ, 'ರಿ'ಯ ಗುಡಿಸು ಇನ್ನೊಂದು. ಸರಿ, ಕೊಂಬು ಬಿಟ್ಟು 'ಊರ' ಎಂದು ಹುಡುಕೋಣ ಅಂದಿರೋ, ಊರ್ಮಿಳೆ ಬಂದು ನಿಲ್ಲುತ್ತಾಳೆ. ಸಂಕೇತಗಳ ಸಾಲಿನಲ್ಲಿ ಅವಳ ಹೆಸರೂ 'ಊರ' ಎಂದೇ ಶುರುವಾಗುತ್ತದಲ್ಲ.

ಹಾಗಾಗಿ ಪ್ರತ್ಯಯ ಕಳಚುವ ಸ್ಟೆಮರ್ ಬೇಕು, ಅದೂ ಇಂಡೆಕ್ಸ್ ಮಾಡುವಾಗ ಮತ್ತು ಹುಡುಕುವಾಗ ಎರಡೂ ಕಡೆ ಒಂದೇ ರೀತಿ. ಹಿಂದಿ, ಬಂಗಾಳಿ, ನೇಪಾಳಿ, ತಮಿಳು, ತೆಲುಗಿಗೆ ಲೂಸೀನ್ ಒಳಗೇ ಅನಲೈಸರ್‌ಗಳಿವೆ. ಕನ್ನಡಕ್ಕಿಲ್ಲ. ಕೈಯಲ್ಲೇ ಬರೆದುಕೊಳ್ಳಬೇಕು. ಬರೆಯಲು ಕೂತಾಗ ಗೊತ್ತಾಗುತ್ತದೆ, ಪ್ರತ್ಯಯ ಕಳಚುವುದು ಸುಲಭ, ಎಲ್ಲಿ ಕಳಚಬಾರದು ಎನ್ನುವುದು ಕಷ್ಟ. 'ಗೆ' ತೆಗೆದರೆ 'ಮನೆಗೆ' ಚೆನ್ನಾಗಿ 'ಮನೆ' ಆಗುತ್ತದೆ, ಆದರೆ 'ಮಲ್ಲಿಗೆ' ಹೋಗಿ 'ಮಲ್ಲಿ' ಆಗುತ್ತದೆ. 'ಗಳ' ತೆಗೆದರೆ 'ಮರಗಳ' ಸರಿ, 'ಜಗಳ' ಬರೀ 'ಜ' ಆಗಿ ಉಳಿಯುತ್ತದೆ. ಇಷ್ಟು ಸಂಕೇತಕ್ಕಿಂತ ಚಿಕ್ಕದಾದರೆ ಕತ್ತರಿಸಬೇಡ ಅನ್ನುವ ನಿಯಮ ಜಗಳವನ್ನು ಉಳಿಸುತ್ತದೆ, ಮಲ್ಲಿಗೆಯನ್ನಲ್ಲ. ಅದಕ್ಕೆ ಕೈಯಾರೆ ಮಾಡಿದ ಪಟ್ಟಿಯೇ ಬೇಕು. ಲೂಸೀನಿನಲ್ಲಿ ಸ್ಟೆಮರ್ ಓವರ್‌ರೈಡ್ ಫಿಲ್ಟರ್ ಎಂಬುದಿದೆ, ಪಟ್ಟಿಯಲ್ಲಿರುವ ಪದಗಳನ್ನು ಸ್ಟೆಮರ್ ಮುಟ್ಟದ ಹಾಗೆ ಅದು ಕಾಯುತ್ತದೆ. ಕ್ರಿಯಾಪದಗಳ ಗೋಜಿಗೆ ನಾನು ಹೋಗುವುದಿಲ್ಲ. 'ಬಂದ' ಮತ್ತು 'ಬರುತ್ತಾನೆ'ಯನ್ನು ಒಂದೇ ಬೇರಿಗೆ ಕಟ್ಟಲು ಪಡುವ ಶ್ರಮಕ್ಕೆ ತಕ್ಕ ಫಲವಿಲ್ಲ, ಜನ ಹುಡುಕುವುದು ಹೆಚ್ಚಾಗಿ ನಾಮಪದಗಳನ್ನೇ.

ಸ್ಟೆಮರ್ ಇಲ್ಲದಿದ್ದರೆ ಇನ್ನೊಂದು ಏಟು ಬೀಳುತ್ತದೆ, ಇದನ್ನು ಯಾರೂ ಗಮನಿಸಿದ ಹಾಗೆ ಕಾಣೆ. ಲೂಸೀನ್ 6ನೇ ಆವೃತ್ತಿಯಿಂದ ಫಲಿತಾಂಶಗಳಿಗೆ ಅಂಕ ಕೊಡುವ ಡೀಫಾಲ್ಟ್ ಸೂತ್ರ ಬಿಎಂ25. ಅಪರೂಪದ ಪದಕ್ಕೆ ಹೆಚ್ಚು ತೂಕ ಅನ್ನುವುದು ಅದರ ಒಂದು ಮುಖ್ಯ ಎಳೆ, ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಕೊಟ್ಟ ವಿಚಾರ. ಇಂಗ್ಲಿಷಿಗೆ ಇದು ಹೊಂದುತ್ತದೆ. ನಮ್ಮಲ್ಲಿ 'ಮನೆ' ಸಾಮಾನ್ಯ ಪದ, ಆದರೆ 'ಮನೆಯಲ್ಲಂತೂ' ಎನ್ನುವ ರೂಪ ಇಡೀ ಸಂಗ್ರಹದಲ್ಲಿ ಎಲ್ಲೋ ಒಂದೆರಡು ಕಡೆ. ಸೂತ್ರಕ್ಕೆ ಅದು ಮಹಾ ಅಪರೂಪದ ರತ್ನ. ಯಾರಾದರೂ ಇಡೀ ವಾಕ್ಯವನ್ನೇ ಟೈಪ್ ಮಾಡಿ ಹುಡುಕಿದರೆ, ವಿಷಯಕ್ಕೆ ಸಂಬಂಧವೇ ಇಲ್ಲದ ಬರಹವೊಂದು ಈ ಬಾಲದ ಬಲದಿಂದಲೇ ಮೇಲೇರಿ ಕೂರುತ್ತದೆ.

ಸಂಧಿಯದ್ದು ಬೇರೆಯೇ ಪುರಾಣ. 'ಕನ್ನಡ' ಹುಡುಕಿದರೆ 'ಹಳೆಗನ್ನಡ' ಬರುವುದಿಲ್ಲ. ಪದದ ಮೊದಲಲ್ಲಿ ಸ್ಟಾರ್ ಹಾಕಿದರೂ ಬರುವುದಿಲ್ಲ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿದೆ. ಮಳೆಗಾಲ, ಬೆಟ್ಟದಾವರೆ ಎಲ್ಲ ಇದೇ ಜಾತಿ. ಎಲ್ಲ ಸಂಧಿಯನ್ನೂ ಬಿಡಿಸುವ ಯಂತ್ರ ಕಟ್ಟುತ್ತೇನೆಂದು ಹೊರಟವರ ಬಗ್ಗೆ ನನಗೆ ಗೌರವವಿದೆ, ಆದರೆ ಜಾಲತಾಣಕ್ಕೆ ಅದು ಬೇಕಿಲ್ಲ. ಜನ ನಿಜವಾಗಿ ಹುಡುಕುವ ಸಮಾಸಪದಗಳ ಒಂದು ಪಟ್ಟಿ ಮಾಡಿ ಸಮಾನಪದಗಳ ಫಿಲ್ಟರಿಗೆ ಕೊಟ್ಟರೆ ಮುಕ್ಕಾಲುಪಾಲು ಕೆಲಸ ಮುಗಿಯಿತು.

ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ಕಾಗುಣಿತ ತಪ್ಪಿದರೂ ಹುಡುಕಿಕೊಡುವ ಫಜ್ಜಿ ಹುಡುಕಾಟ ಇದೆಯಲ್ಲ, ಎಷ್ಟು ಸಂಕೇತ ಬದಲಿಸಿದರೆ ಒಂದು ಪದ ಇನ್ನೊಂದಾಗುತ್ತದೆ ಎಂದು ಅದು ಎಣಿಸುತ್ತದೆ. ಎಲಾಸ್ಟಿಕ್‌ಸರ್ಚಿನಲ್ಲಿ ಇದಕ್ಕೆ 'ಆಟೋ' ಎಂಬ ಸೆಟ್ಟಿಂಗ್ ಇಟ್ಟರೆ 3ರಿಂದ 5 ಸಂಕೇತದ ಪದಕ್ಕೆ ಒಂದು ತಪ್ಪು ಮಾಫಿ, ಅದಕ್ಕಿಂತ ಉದ್ದವಾದರೆ ಎರಡು. ನಿಮ್ಮ ನನ್ನ ಲೆಕ್ಕದಲ್ಲಿ 'ಕಲೆ' ಎರಡಕ್ಷರ. ಯಂತ್ರಕ್ಕೆ ಕ, ಲ, ಎತ್ವ, ಒಟ್ಟು 3. ಹಾಗಾಗಿ ಒಂದು ತಪ್ಪಿನ ವಿನಾಯಿತಿ ಸಿಕ್ಕೇ ಸಿಗುತ್ತದೆ. ಒಂದು ಒತ್ವ ಸೇರಿಸಿದರೆ 'ಕೊಲೆ'. ಇನ್ನು ತಲೆ, ಎಲೆ, ಕಳೆ, ಕಲಿ ಎಲ್ಲವೂ ಒಂದೇ ಹೆಜ್ಜೆ ದೂರ. ಮೊದಲ ಸಂಕೇತ ಬದಲಾಗಕೂಡದು ಎಂದು ಕಟ್ಟು ಹಾಕಿದರೆ ತಲೆ, ಎಲೆ ಹೋಗುತ್ತವೆ, ಕೊಲೆ ಹೋಗುವುದಿಲ್ಲ. ಚಿತ್ರಕಲೆಯ ಲೇಖನ ಹುಡುಕಿದವರಿಗೆ ಅಪರಾಧ ಸುದ್ದಿ ತೋರಿಸುವುದು ಹೀಗೆ. ಕನ್ನಡಕ್ಕೆ ಈ 'ಆಟೋ' ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅದರ ಬದಲು ಉಚ್ಚಾರದ ಕೀಲಿ ಇಡಬೇಕು, ಅಂದರೆ ಒಂದೇ ಥರ ಕೇಳಿಸುವ ಪದಗಳಿಗೆಲ್ಲ ಒಂದೇ ಗುರುತು. ಕನ್ನಡಿಗರು ತಪ್ಪುವುದು ಎಲ್ಲೆಂದರಲ್ಲಿ ಅಲ್ಲ: ಶ–ಷ, ಅಲ್ಪಪ್ರಾಣ–ಮಹಾಪ್ರಾಣ, ಲ–ಳ, ಅ–ಹ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಅಂತರ್ಜಾಲಕ್ಕೆ ಬಂತಲ್ಲ, ಅದನ್ನು ಜಾಲಕ್ಕೆ ತಂದ ಕೈಲಾಶ್ ನಾಧ್ 'ಕೆಎನ್‌ಫೋನ್' ಎಂಬ ಉಪಾಯ ಬರೆದಿದ್ದಾರೆ. ಒಂದು ಕನ್ನಡ ಪದಕ್ಕೆ ಉಚ್ಚಾರದ ಮೂರು ಕೀಲಿ, ಒಂದೊಂದರ ಬಿಗಿ ಒಂದೊಂದು ಮಟ್ಟದ್ದು. ಅಲರ್ ತಾಣವನ್ನು ಕಟ್ಟಿದ್ದು ಲೂಸೀನ್ ಮೇಲಲ್ಲ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಮೇಲೆ. ಆದರೂ ಆ ಕೀಲಿಗಳನ್ನು ಯಾವ ಇಂಡೆಕ್ಸಿಗೆ ಬೇಕಾದರೂ ಹಾಕಿಕೊಳ್ಳಬಹುದು.

ಇಷ್ಟನ್ನೂ ಒಂದೇ ಫೀಲ್ಡಿನಲ್ಲಿ (ಇಂಡೆಕ್ಸಿನೊಳಗಿನ ಒಂದು ಖಾನೆಯಲ್ಲಿ) ತುರುಕಬಾರದು. ಒಂದೇ ಪಠ್ಯವನ್ನು ಮೂರು ಬಗೆಯಲ್ಲಿ ಇಂಡೆಕ್ಸ್ ಮಾಡಿ: ಇದ್ದದ್ದು ಇದ್ದಂತೆ ಒಂದು, ಪ್ರತ್ಯಯ ಕಳಚಿದ್ದು ಒಂದು, ಉಚ್ಚಾರದ ಕೀಲಿ ಒಂದು. ಹುಡುಕುವಾಗ ಮೂರರಲ್ಲೂ ಕೇಳಿ, ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಹಿಡಿಯಲಿ. ಮೊದಲನೆಯದಕ್ಕೆ ಹೆಚ್ಚು ತೂಕ, ಕೊನೆಯದಕ್ಕೆ ತೀರಾ ಕಡಿಮೆ. 'ಬಾಷೆ' ಎಂದು ಬರೆದವನಿಗೂ 'ಭಾಷೆ' ಸಿಗುತ್ತದೆ, ಸರಿಯಾಗಿ ಬರೆದವಳಿಗೆ ಕಸ ಮೇಲೆ ಬರುವುದಿಲ್ಲ. ಇಂಡೆಕ್ಸ್ ಕಡತ ದಪ್ಪವಾಗುತ್ತದೆ, ಆಗಲಿ, ಡಿಸ್ಕ್ ಅಗ್ಗ.

ಪಠ್ಯದ ಸ್ವಭಾವಕ್ಕೆ ತಕ್ಕ ಫೀಲ್ಡುಗಳೂ ಬೇಕು. ವಚನಗಳನ್ನೇ ನೋಡಿ. ಅಂಕಿತವನ್ನು ಪಠ್ಯದ ಜೊತೆಗೇ ಬಿಟ್ಟರೆ 'ಕೂಡಲಸಂಗಮದೇವ' ಬಸವಣ್ಣನವರ ವಚನಗಳ ತುಂಬ ಇರುವುದರಿಂದ ಹುಡುಕಾಟಕ್ಕೆ ಅದರಿಂದ ಪ್ರಯೋಜನ ಕಡಿಮೆ. ಅದನ್ನೇ ಬೇರೆ ಫೀಲ್ಡ್ ಮಾಡಿ, ಅಂಕ ಕೊಡದ ಬರಿಯ ಫಿಲ್ಟರ್ ಆಗಿ ಬಳಸಿದರೆ 'ಅಲ್ಲಮನ ವಚನಗಳಲ್ಲಿ ಮಾತ್ರ ಬಯಲು' ಎಂದು ಕೇಳಬಹುದು. ಗುಹೇಶ್ವರ–ಗೊಹೇಶ್ವರ, ಚೆನ್ನಮಲ್ಲಿಕಾರ್ಜುನ–ಚನ್ನಮಲ್ಲಿಕಾರ್ಜುನ ಎಂಬ ರೂಪಭೇದಗಳನ್ನು ಅಲ್ಲೇ ಒಂದು ಮಾಡಿಡಬಹುದು. ಇದನ್ನು ಪ್ರೋಗ್ರಾಮರ್ ಒಬ್ಬನೇ ಊಹಿಸಲಾರ, ಪಕ್ಕದಲ್ಲಿ ವಚನ ಓದಿಕೊಂಡವರು ಇರಬೇಕು.

ಎಐ ಹುಡುಕಾಟ ಬೇಡ ಅನ್ನುತ್ತಿಲ್ಲ. 'ಸಾವಿನ ಬಗ್ಗೆ ಇರುವ ಕವಿತೆ' ಅಂತ ಕೇಳುವವರಿಗೆ ಅದು ಒಳ್ಳೆಯದೇ. ಆದರೆ ಸಾಲಿನ ನಾಲ್ಕು ಪದ ನೆನಪಿಟ್ಟುಕೊಂಡು ಬಂದವರಿಗೆ ಬೇಕಾದ್ದು ಆ ಸಾಲು, ಅರ್ಥದಲ್ಲಿ ಹತ್ತಿರದ ಇನ್ಯಾವುದೋ ಸಾಲಲ್ಲ. ಅವರಿಗೆ ಬೇಕಿರುವುದು ಈ ಹಳೆಯ ಪದಸೂಚಿಯೇ.

ನಿಮ್ಮಲ್ಲಿ ಯಾರಾದರೂ ಇಂಥ ತಾಣ ನಡೆಸುತ್ತಿದ್ದರೆ ಸೋಲರ್‌ನ ಅನಾಲಿಸಿಸ್ ಪುಟವನ್ನೋ, ಲೂಸೀನ್ ಜೊತೆಗೇ ಬರುವ 'ಲ್ಯೂಕ್' ಉಪಕರಣವನ್ನೋ ತೆರೆದು ಹತ್ತು ಕನ್ನಡ ಪದ ಹಾಕಿ, ಒಳಗೆ ಏನಾಗುತ್ತಿದೆ ಅಂತ ಒಮ್ಮೆ ನೋಡಿ. ಇನ್ನು ಉಳಿದ ಎಲ್ಲರಿಗೂ ಒಂದು ಕೆಲಸ. 'ಗೆ'ಯಿಂದ ಕೊನೆಯಾಗುವ, ಆದರೆ ಆ 'ಗೆ' ವಿಭಕ್ತಿ ಪ್ರತ್ಯಯ ಅಲ್ಲದ ನಾಮಪದಗಳ ಪಟ್ಟಿ ಮಾಡುತ್ತಿದ್ದೇನೆ. ಮಲ್ಲಿಗೆ, ಸಂಪಿಗೆ, ಬೇಸಿಗೆ, ಹೋಳಿಗೆ, ಅಡುಗೆ, ಕೊಡುಗೆ, ದೇಣಿಗೆ, ಮೆರವಣಿಗೆ, ಬರವಣಿಗೆ, ಒಪ್ಪಿಗೆ ಇಷ್ಟು ಸೇರಿಸಿಯಾಗಿದೆ. ನಿಮ್ಮ ಊರಿನ ಕಡೆಯ ಪದಗಳಿದ್ದರೆ ಕಾಮೆಂಟಿನಲ್ಲಿ ಹಾಕಿ, ಒಂದು ಸಾಲಿಗೆ ಒಂದು.